ಪೈರಮೆಕ್ಸ್ ಐ-ಫೋರ್ಸ್ ಗಾಗಲ್ ರಿವ್ಯೂ: ಏರ್‌ಸಾಫ್ಟಲ್ಲಿ ಮಂಜು ಕಟ್ಟದೇ ಇರೋದೇ ದೊಡ್ಡ ಸೇಫ್ಟಿ

ನ್ಯೂಜೆರ್ಸಿ ಕಡೆ ಇರೋ ನಾವೊಂದಷ್ಟು ಕನ್ನಡದವ್ರು ವೀಕೆಂಡಲ್ಲಿ ಏರ್‌ಸಾಫ್ಟ್ ಆಡೋಕೆ ಹೋಗ್ತಾ ಇರ್ತೀವಿ, ಹೊಸದಾಗಿ ಸೇರೋರು ಬಂದ ತಕ್ಷಣ ಕೇಳೋದು ಒಂದೇ, ಯಾವ ಗನ್ ತಗೊಳ್ಳೋದು ಅಂತ. ಗನ್ ಬಿಡ್ರಿ, ಅದು ಫೀಲ್ಡಲ್ಲೇ ಬಾಡಿಗೆಗೆ ಸಿಗುತ್ತೆ, ಮೊದಲು ಕಣ್ಣಿಗೆ ಸರಿಯಾದ್ದೊಂದು ತಗೊಳ್ಳಿ ಅಂದ್ರೆ ಮುಖ ಸಪ್ಪೆ ಆಗುತ್ತೆ. ಪ್ರತಿ ಸಲ ಅದನ್ನೇ ವಾಟ್ಸಾಪಲ್ಲಿ ಟೈಪ್ ಮಾಡೋ ಬದಲು ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ. ನಾನು ಈಗ ಹಾಕ್ಕೊಳ್ತಿರೋದು ಪೈರಮೆಕ್ಸ್ ಐ-ಫೋರ್ಸ್, ಕ್ಲಿಯರ್ ಲೆನ್ಸ್, ಹಿಂದೆ ಎಲಾಸ್ಟಿಕ್ ಸ್ಟ್ರಾಪ್ ಹಾಕಿರೋದು. ಬೆಲೆ ಇಪ್ಪತ್ತು ಡಾಲರ್ ಆಸುಪಾಸು. ಇದು ಅಸಲಿಗೆ ಏರ್‌ಸಾಫ್ಟ್ ಕಂಪನಿ ಮಾಲೇ ಅಲ್ಲ, ಪೈರಮೆಕ್ಸ್ ಅನ್ನೋದು ಟೆನೆಸ್ಸಿಯ ಸೇಫ್ಟಿ ಸಾಮಾನಿನ ಕಂಪನಿ, ಫ್ಯಾಕ್ಟರಿ, ಕನ್‌ಸ್ಟ್ರಕ್ಷನ್ ಸೈಟ್‌ಗಳಲ್ಲಿ ಕೆಲಸ ಮಾಡೋರಿಗೆ ಕನ್ನಡಕ, ಹೆಲ್ಮೆಟ್ ಮಾಡೋರು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಆ ಅರ್ಧ ಯಾಕೆ ಕಮ್ಮಿ ಅಂತ ಕೆಳಗೆ ಬರುತ್ತೆ.

ಗೊತ್ತಿಲ್ದೇ ಇರೋರಿಗೆ: ಏರ್‌ಸಾಫ್ಟ್ ಅಂದ್ರೆ ಪೇಂಟ್‌ಬಾಲ್ ತರಾನೇ ಎರಡು ಟೀಮ್ ಮಾಡ್ಕೊಂಡು ಆಡೋ ಆಟ, ಆದ್ರೆ ಬಣ್ಣದ ಉಂಡೆ ಬದ್ಲು 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು, ಬಿಬಿ ಅಂತಾರೆ, ಕಾಳುಮೆಣಸಿಗಿಂತ ಒಂಚೂರು ದಪ್ಪ. ಹುಟ್ಟಿದ್ದು ಜಪಾನಲ್ಲಿ. ಟೋಕಿಯೋ ಮರುಯಿ ಕಂಪನಿ 1991ರಲ್ಲಿ ಬ್ಯಾಟರಿ ಮೋಟರ್‌ದು ಫಾಮಾಸ್ ರೈಫಲ್ ಮಾಡೆಲ್ ಬಿಟ್ಟ ಮೇಲೆ ಅದು ಈಗಿನ ರೂಪಕ್ಕೆ ಬಂತು. ಬಿಬಿ ತೂಕ 0.20 ಗ್ರಾಂ, 0.25, 0.28, ಸ್ನೈಪರ್ ಇಟ್ಕೊಂಡೋರು 0.40 ಮತ್ತೆ ಅದಕ್ಕಿಂತ ಜಾಸ್ತಿನೂ ಹಾಕ್ತಾರೆ. ಜಪಾನಲ್ಲಿ 2006ರಲ್ಲಿ ಕಾನೂನು ಬದಲಾಯಿಸಿ ಗುಂಡಿನ ಶಕ್ತಿ 0.98 ಜೂಲ್ ಮೇಲೆ ಹೋಗಂಗಿಲ್ಲ ಅಂತ ಮಾಡಿದ್ರು. ಅಮೆರಿಕದಲ್ಲಿ ಫೀಲ್ಡಿನವರದ್ದೇ ರೂಲ್, ಸಾಮಾನ್ಯವಾಗಿ 0.20 ಬಿಬಿ ಹಾಕಿ ಸ್ಪೀಡ್ ಅಳೆದ್ರೆ ಒಳಾಂಗಣಕ್ಕೆ 350 ಎಫ್‌ಪಿಎಸ್, ಹೊರಗಡೆ 400 ಅಂತ ಇಡ್ತಾರೆ, ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಅಡಿ ಅಂತ. ಬೆಳಿಗ್ಗೆ ಹೋದ ಕೂಡ್ಲೇ ಎಲ್ಲರ ಗನ್ನೂ ಕ್ರೋನೋ ಅನ್ನೋ ಸ್ಪೀಡ್ ಅಳೆಯೋ ಮೆಷಿನ್ ಮುಂದೆ ಹೊಡೆಸಿ ನೋಡ್ತಾರೆ.

ಮೈಗೆ ಬಿದ್ರೆ ಚುರ್ ಅನ್ನುತ್ತೆ, ಕೆಂಪಗೆ ಬೊಟ್ಟಿಟ್ಟಂಗೆ ಆಗಿ ಎರಡು ದಿನಕ್ಕೆ ಹೋಗುತ್ತೆ. ಕಣ್ಣಿಗೆ ಬಿದ್ರೆ ಬೇರೇನೇ ಕತೆ. ಚರ್ಮಕ್ಕೆ ಏನೂ ಅಲ್ಲದ ಪೆಟ್ಟು ಕಣ್ಣಿಗೆ ದೊಡ್ಡ ಪೆಟ್ಟು, ಅದೂ ಬಿಬಿ ಎಷ್ಟು ಚಿಕ್ಕದು ಅಂದ್ರೆ ಕಣ್ಣಿನ ಸುತ್ತ ಇರೋ ಮೂಳೆ ಅದನ್ನ ತಡೆಯಲ್ಲ. ಕ್ರಿಕೆಟ್ ಬಾಲ್ ದಪ್ಪ ಇರುತ್ತೆ, ಎಷ್ಟೋ ಸಲ ಹುಬ್ಬಿನ ಮೂಳೆ, ಕೆನ್ನೆ ಮೂಳೆ ಮೊದಲ ಏಟು ತಿನ್ನುತ್ತೆ. ಅಂಥದ್ರಲ್ಲೂ 2000ದಲ್ಲಿ ಢಾಕಾ ಏಷ್ಯಾ ಕಪ್‌ನಲ್ಲಿ ನಮ್ಮ ಕುಂಬ್ಳೆ ಬೌಲಿಂಗಿಗೆ ಕೀಪಿಂಗ್ ಮಾಡ್ತಿದ್ದ ಸಬಾ ಕರೀಂ ಬಲಗಣ್ಣಿಗೆ ಬಾಲ್ ಬಿದ್ದು ಅವರ ಕರಿಯರ್ರೇ ಹೋಯ್ತು. 2012ರಲ್ಲಿ ಸೌತ್ ಆಫ್ರಿಕಾದ ಮಾರ್ಕ್ ಬೌಷರ್‌ಗೆ ಬಾಲೂ ಅಲ್ಲ, ಸ್ಟಂಪ್ ಮೇಲಿನ ಬೇಲ್ ಎಗರಿ ಕಣ್ಣಿಗೆ ಬಡಿದು ಇಂಟರ್‌ನ್ಯಾಷನಲ್ ಕ್ರಿಕೆಟ್ಟೇ ಮುಗೀತು. ಬೇಲ್ ಎಷ್ಟು ತೂಕ ಇರುತ್ತೆ ಹೇಳಿ. ಬಿಬಿ ಅದಕ್ಕಿಂತ ಎಷ್ಟೋ ಹಗುರ ನಿಜ, ಆದ್ರೆ ನೂರು ಮೀಟರ್ ಪರ್ ಸೆಕೆಂಡ್ ಮೇಲೆ ಬರ್ತಿರುತ್ತೆ, ಒಂದಲ್ಲ, ಆಟೋ ಮೋಡಲ್ಲಿ ಹತ್ತಿಪ್ಪತ್ತು ಒಟ್ಟಿಗೆ.

ಈಗ ಲೆಕ್ಕಕ್ಕೆ ಬರೋಣ, ಇದು ಒಂಚೂರು ಬೋರ್ ಅನ್ಸಿದ್ರೂ ಬಿಟ್ಟು ಮುಂದೆ ಹೋಗ್ಬೇಡಿ ಯಾಕಂದ್ರೆ ಯಾವ ಗಾಗಲ್ ತಗೋಬೇಕು ಅನ್ನೋದು ಇದರಲ್ಲೇ ಇದೆ. 0.20 ಗ್ರಾಂ ಬಿಬಿ 350 ಎಫ್‌ಪಿಎಸ್‌ನಲ್ಲಿ ಹೋದ್ರೆ ಶಕ್ತಿ 1.14 ಜೂಲ್. 400ರಲ್ಲಿ ಹೋದ್ರೆ ಸುಮಾರು 1.5. ಅಮೆರಿಕದ ಆನ್ಸಿ ಸ್ಟ್ಯಾಂಡರ್ಡ್ ಪ್ರಕಾರ ಕನ್ನಡಕದ ಮೇಲೆ ಝಡ್87 ಅಂತ ಇದ್ದು ಪಕ್ಕದಲ್ಲಿ ಪ್ಲಸ್ ಗುರುತೂ ಇದ್ರೆ ಅದು ಹೈ ಇಂಪ್ಯಾಕ್ಟ್ ಟೆಸ್ಟ್ ಪಾಸಾಗಿದೆ ಅಂತ ಅರ್ಥ. ಎಲ್ಲರೂ ಇಲ್ಲಿಗೇ ನಿಲ್ಸಿಬಿಡ್ತಾರೆ, ಪ್ಲಸ್ ಇದೆ ಸಾಕು ಅಂತ. ಆದ್ರೆ ಆ ಟೆಸ್ಟ್ ಎಲ್ಲದಕ್ಕೂ ಒಂದೇ ಅಲ್ಲ. ಕಾಲು ಇಂಚಿನ ಸ್ಟೀಲ್ ಗುಂಡನ್ನ ಮಾಮೂಲಿ ಕನ್ನಡಕದ ತರದ್ದಕ್ಕೆ 150 ಎಫ್‌ಪಿಎಸ್‌ನಲ್ಲಿ ಹೊಡೀತಾರೆ, ಗಾಗಲ್‌ಗೆ 250ರಲ್ಲಿ. ಆ ಗುಂಡಿನ ತೂಕ ಒಂದು ಗ್ರಾಂ ಚಿಲ್ಲರೆ, ಲೆಕ್ಕ ಹಾಕಿದ್ರೆ ಕನ್ನಡಕಕ್ಕೆ ಸುಮಾರು 1.1 ಜೂಲ್, ಗಾಗಲ್‌ಗೆ ಸುಮಾರು 3 ಜೂಲ್. ಅಂದ್ರೆ ಸ್ಟೈಲಾಗಿ ಕಾಣುತ್ತೆ ಅಂತ ನೀವು ಹಾಕ್ಕೊಂಡ್ ಬರೋ ಶೂಟಿಂಗ್ ಗ್ಲಾಸ್ ಟೆಸ್ಟ್ ಆಗಿರೋದು ಸರಿಯಾಗಿ ಏರ್‌ಸಾಫ್ಟ್ ಗನ್ ಹೊಡೆಯೋ ಶಕ್ತಿಗೇ, ಒಂದು ಗೆರೆನೂ ಜಾಸ್ತಿ ಇಲ್ಲ. ಹೊರಗಡೆ ಫೀಲ್ಡಲ್ಲಿ 400 ಎಫ್‌ಪಿಎಸ್ ಗನ್ ಎದುರಿಗೆ ಬಂದ್ರೆ ಟೆಸ್ಟ್ ದಾಟಿ ಹೋಯ್ತು. ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆದು ಹೊಡೆಯೋ ಸ್ನೈಪರ್‌ಗಳಿಗೆ 500ರ ತನಕ ಬಿಡೋ ಫೀಲ್ಡುಗಳಿವೆ, ಅದು 2.3 ಜೂಲ್. ಗ್ಯಾಸ್ ಗನ್‌ಗಳಲ್ಲಿ ಇನ್ನೊಂದು ಸಮಸ್ಯೆ, ಕ್ರೋನೋ ಹತ್ರ 0.20 ಹಾಕಿ ಪಾಸಾಗಿ ಆಮೇಲೆ ಭಾರದ ಬಿಬಿ ಹಾಕಿದ್ರೆ ಶಕ್ತಿ ಇನ್ನೂ ಏರುತ್ತೆ, ಜೂಲ್ ಕ್ರೀಪ್ ಅಂತಾರೆ ಅದಕ್ಕೆ.

ಇಂಗ್ಲೆಂಡಲ್ಲಿ ಇರೋ ಕಸಿನ್ನೊಬ್ಬ ಇದನ್ನೇ ಅಲ್ಲಿನ ಲೆಕ್ಕದಲ್ಲಿ ಕೇಳ್ದ. ಅಲ್ಲಿ ಇಎನ್166 ಅಂತ ಮಾರ್ಕ್ ಇರುತ್ತೆ, ಅದರ ಜೊತೆ ಒಂದು ಅಕ್ಷರ. ಎಫ್ ಅಂದ್ರೆ 0.86 ಗ್ರಾಂ ಸ್ಟೀಲ್ ಗುಂಡು ಸೆಕೆಂಡಿಗೆ 45 ಮೀಟರಲ್ಲಿ, ಬಿ ಅಂದ್ರೆ 120 ಮೀಟರಲ್ಲಿ, ಎ ಅಂದ್ರೆ 190ರಲ್ಲಿ. ಎಫ್ ಲೆಕ್ಕ ಹಾಕಿದ್ರೆ 0.87 ಜೂಲ್ ಬರುತ್ತೆ, ಅಲ್ಲಿನ ಕಾನೂನಲ್ಲಿ ಫುಲ್ ಆಟೋ ಏರ್‌ಸಾಫ್ಟ್ ಗನ್‌ಗೇ 1.3 ಜೂಲ್ ತನಕ ಬಿಟ್ಟಿದಾರೆ, ಸಿಂಗಲ್ ಶಾಟ್‌ಗೆ 2.5. ಹಾಗಾಗಿ ಅಲ್ಲಿರೋರು ಕಣ್ಣು ಮುಚ್ಕೊಂಡು ಬಿ ಅಂತ ಇರೋದೇ ತಗೊಳ್ಳಿ, ಅದು 6 ಜೂಲ್ ಮೇಲೆ ತಡ್ಕೊಂಡಿರುತ್ತೆ.

ಲೆನ್ಸ್ ಗಟ್ಟಿ ಇದ್ರೆ ಮುಗೀತಾ ಅಂದ್ರೆ ಅದೂ ಇಲ್ಲ. ನನ್ನ ಪ್ರಕಾರ ಏರ್‌ಸಾಫ್ಟಲ್ಲಿ ಲೆನ್ಸ್ ಒಡೆದು ಕಣ್ಣು ಹೋಗೋದಕ್ಕಿಂತ ದೊಡ್ಡ ಅಪಾಯ ಎರಡಿದೆ, ಒಂದು ಸಂದಿ, ಇನ್ನೊಂದು ಮಂಜು. ಸಂದಿ ಅಂದ್ರೆ ಕೆನ್ನೆ ಹತ್ರ, ಮೂಗಿನ ಪಕ್ಕ, ಕಣ್ಣಿನ ಹೊರಗಡೆ ಮೂಲೆಲಿ ಫ್ರೇಮಿಗೂ ಮುಖಕ್ಕೂ ನಡುವೆ ಇರೋ ಜಾಗ. ಮಂಡಿ ಊರಿ ಕೂತವನು ಕೆಳಗಿಂದ ಹೊಡೀತಾನೆ, ಗೋಡೆಗೆ ಬಡಿದು ಪಕ್ಕದಿಂದ ವಾಪಸ್ ಬರುತ್ತೆ, ನೀವು ಗನ್ ಗುರಿ ಇಡೋಕೆ ತಲೆ ಓರೆ ಮಾಡಿದಾಗ ಕನ್ನಡಕ ಒಂಚೂರು ಮೇಲೆ ಏಳುತ್ತೆ. 6 ಮಿಲಿಮೀಟರ್ ಸಾಕು. ಮನೇಲಿ ಟೆಸ್ಟ್ ಮಾಡೋದು ಸುಲಭ, ಗಾಗಲ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಪೆನ್ಸಿಲ್ಲಿನ ಹಿಂದಿನ ತುದಿ, ಚೂಪಿಂದಲ್ಲ ಮತ್ತೆ, ಫ್ರೇಮಿನ ಅಂಚಿನ ಸುತ್ತ ನಿಧಾನಕ್ಕೆ ಆಡಿಸಿ. ಪೆನ್ಸಿಲ್ ಬಿಬಿಗಿಂತ ಸ್ವಲ್ಪ ದಪ್ಪ, ಅದೇ ಎಲ್ಲಾದ್ರೂ ಒಳಗೆ ಹೋಗೋ ಹಾಗಿದ್ರೆ ಬಿಬಿ ಖಂಡಿತ ಹೋಗುತ್ತೆ, ಆ ಗಾಗಲ್ ನಿಮ್ಮ ಮುಖಕ್ಕಲ್ಲ. ಮುಖ ಒಬ್ಬೊಬ್ಬರದ್ದು ಒಂದೊಂದು ತರ, ನನಗೆ ಸರಿಯಾಗಿ ಕೂತಿದ್ದು ನಿಮಗೆ ಕೂರ್ಬೇಕು ಅಂತಿಲ್ಲ, ಅದಕ್ಕೇ ವಾಪಸ್ ಕೊಡೋ ಪಾಲಿಸಿ ಇರೋ ಕಡೆನೇ ತಗೊಳ್ಳಿ.

ಐ-ಫೋರ್ಸ್ ಈ ವಿಷಯದಲ್ಲಿ ನನ್ನ ಮುಖಕ್ಕೆ ಚೆನ್ನಾಗಿ ಕೂತಿದೆ. ಸುತ್ತ ಮೆತ್ತಗಿನ ರಿಮ್ ಇದೆ, ಕೆನ್ನೆ ಹುಬ್ಬು ಎಲ್ಲಾ ಕಡೆ ಅಂಟಿಕೊಳ್ಳುತ್ತೆ, ಬಾಕ್ಸಲ್ಲಿ ಕಿವಿಗೆ ಹಾಕೋ ಕಡ್ಡಿನೂ ಬರುತ್ತೆ ಸ್ಟ್ರಾಪೂ ಬರುತ್ತೆ, ಬೇಕಾದ್ದು ಸಿಗಿಸ್ಕೋಬಹುದು. ದಯವಿಟ್ಟು ಸ್ಟ್ರಾಪೇ ಹಾಕಿ. ಕಡ್ಡಿ ಹಾಕ್ಕೊಂಡ್ರೆ ಓಡೋವಾಗ, ಬಿದ್ದಾಗ, ಪೊದೆ ಒಳಗೆ ನುಗ್ಗಿದಾಗ ಕಿತ್ಕೊಂಡು ಹೋಗುತ್ತೆ, ಕಣ್ಣು ಬಯಲಾಗೋದು ಅದೇ ಹೊತ್ತಲ್ಲಿ. ಆಟದ ಮಧ್ಯ ಯಾರದ್ದಾದ್ರೂ ಗಾಗಲ್ ಕಳಚಿದ್ದು ಕಂಡ್ರೆ ಜೋರಾಗಿ "ಬ್ಲೈಂಡ್ ಮ್ಯಾನ್" ಅಂತ ಕೂಗ್ತಾರೆ, ಕೇಳಿಸಿದೋರೆಲ್ಲ ಅದನ್ನೇ ಕೂಗಿ ಅಲ್ಲಲ್ಲೇ ನಿಲ್ತಾರೆ, ಒಂದು ಬಿಬಿನೂ ಹಾರಲ್ಲ, ಅವನು ಹಾಕ್ಕೊಳ್ಳೋ ತನಕ. ಈ ಆಟದಲ್ಲಿ ನನಗೆ ತುಂಬಾ ಇಷ್ಟ ಆಗೋ ರೂಲ್ ಇದು. ಗಾಗಲ್ ಕಳಚಿದವನು ಮಾಡ್ಬೇಕಾದ್ದು ಹುಡುಕೋದಲ್ಲ, ಮೊದಲು ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡು ಮುಖ ನೆಲಕ್ಕೆ ಹಾಕೋದು.

ಇನ್ನು ಮಂಜು. ಇದನ್ನ ಜನ ಕಿರಿಕಿರಿ ಅಂತ ಮಾತ್ರ ಅನ್ಕೊಂಡಿದಾರೆ, ನಾನು ಇದನ್ನ ಸೇಫ್ಟಿ ಅಂತಾನೇ ನೋಡ್ತೀನಿ. ಯಾಕಂದ್ರೆ ಫೀಲ್ಡಲ್ಲಿ ಯಾರೂ ಬೇಕಂತ ಗಾಗಲ್ ತೆಗೆಯಲ್ಲ, ರೂಲ್ ಎಲ್ಲರಿಗೂ ಗೊತ್ತಿರುತ್ತೆ, ಸೇಫ್ ಝೋನ್, ಅಂದ್ರೆ ಗುಂಡು ಹಾರಿಸದ ಜಾಗದ ಒಳಗೆ ಬರೋ ತನಕ ಮುಟ್ಟಂಗಿಲ್ಲ ಅಂತ ಬೆಳಿಗ್ಗೆ ಬ್ರೀಫಿಂಗಲ್ಲೇ ಹೇಳಿರ್ತಾರೆ. ಆದ್ರೆ ಆಗಸ್ಟ್ ತಿಂಗಳ ಸೆಕೆಲಿ ಅರ್ಧ ಗಂಟೆ ಓಡಿ ಬಂದು ಮರದ ಹಿಂದೆ ಕೂತಿರ್ತೀರ, ಲೆನ್ಸ್ ಪೂರ್ತಿ ಬೆಳ್ಳಗಾಗಿರುತ್ತೆ, ಎದುರಿಗೆ ಏನೂ ಕಾಣ್ತಿಲ್ಲ, ಹತ್ರ ಯಾರೂ ಇಲ್ಲ ಅನ್ಸುತ್ತೆ, ಒಂದು ಬೆರಳು ಹಾಕಿ ಒಂದೇ ಸೆಕೆಂಡ್ ಎತ್ತಿ ಗಾಳಿ ಆಡ್ಸೋಣ ಅಂತ ಕೈ ತಾನಾಗೇ ಹೋಗುತ್ತೆ. ಅಷ್ಟು ಹೊತ್ತು ಕಣ್ಣಿಗೆ ಏನೂ ಇಲ್ಲ. ಮಿಲಿಟರಿ ರೇಟಿಂಗ್ ಇರೋ ನೂರು ಡಾಲರ್ ಗಾಗಲ್ ಆದ್ರೂ ಹಣೆ ಮೇಲೆ ಇದ್ದಾಗ ಅದು ಏನನ್ನೂ ಕಾಯಲ್ಲ. ಅದಕ್ಕೇ ನಾನು ಯಾವ ಗಾಗಲ್ ನೋಡಿದ್ರೂ ಮೊದಲು ಕೇಳ್ಕೊಳ್ಳೋದು, ಇದನ್ನ ಇಡೀ ಗೇಮ್ ಎತ್ತದೇ ಇರೋಕೆ ಆಗುತ್ತಾ ಅಂತ.

ಐ-ಫೋರ್ಸ್‌ನಲ್ಲಿ ಡ್ಯೂಯಲ್ ಪೇನ್, ಅಂದ್ರೆ ಎರಡು ಪದರದ ಲೆನ್ಸ್, ಮಧ್ಯ ಗಾಳಿ. ಮಂಜು ಕಟ್ಟೋದು ಯಾಕೆ ಅಂದ್ರೆ ನಮ್ಮ ಬೆವರು, ಉಸಿರಿನ ಬಿಸಿ ಆವಿ ಹೋಗಿ ಹೊರಗಿನ ತಂಪಿಗೆ ತಣ್ಣಗಾಗಿರೋ ಲೆನ್ಸ್ ಮೇಲೆ ಕೂರುತ್ತೆ. ಎರಡು ಪದರ ಇದ್ರೆ ಹೊರಗಿನ ಪದರ ತಣ್ಣಗಾದ್ರೂ ಒಳಗಿಂದು ಮುಖದ ಬಿಸಿಗೆ ಬೆಚ್ಚಗೇ ಇರುತ್ತೆ, ಆವಿ ಹಿಡಿಯಲ್ಲ. ಅದರ ಜೊತೆ ಆಂಟಿ ಫಾಗ್ ಕೋಟಿಂಗ್, ಗಾಳಿ ಆಡೋಕೆ ಸಣ್ಣ ಕಿಂಡಿಗಳು. ಅಕ್ಟೋಬರ್, ನವೆಂಬರ್ ಚಳಿಲಿ ಇದು ಅದ್ಭುತ, ಪಕ್ಕದೋರೆಲ್ಲ ಕುರುಡರ ತರ ನಡೀತಿದ್ರೆ ನನಗೆ ಎಲ್ಲಾ ಕ್ಲಿಯರ್. ಸೆಕೆಗಾಲದಲ್ಲಿ ಅಷ್ಟು ಪವಾಡ ನಿರೀಕ್ಷೆ ಮಾಡ್ಬೇಡಿ, ಹೊರಗೇ ಬಿಸಿ ಒಳಗೂ ಬಿಸಿ ಅಂದಾಗ ಬೆವರು ಇಳಿದು ಲೆನ್ಸ್ ಮೇಲೆ ಹನಿ ಬಿದ್ದೇ ಬೀಳುತ್ತೆ, ಅದಕ್ಕೆ ಹಣೆಗೆ ಒಂದು ಬೆವರು ಪಟ್ಟಿ ಕಟ್ಕೊಳ್ಳಿ, ಗಾಗಲ್ಲಿನ ಅಂಚಿಗೆ ಸಿಕ್ಕಿಹಾಕ್ಕೊಳ್ದೇ ಇರೋ ಹಾಗೆ ಮೇಲೆ, ಅಡಿಗೆ ಸಿಕ್ಕಿದ್ರೆ ಮತ್ತೆ ಸಂದಿ ಆಗುತ್ತೆ. ಗೇಮ್ ಮಧ್ಯ ತಡೆಯೋಕೇ ಆಗ್ಲಿಲ್ಲ ಅಂದ್ರೆ ಕೈ ಎತ್ತಿ ಹಿಟ್, ಅಂದ್ರೆ ನಾನು ಔಟ್, ಅಂತ ಹೇಳಿ ಸೇಫ್ ಝೋನಿಗೆ ನಡ್ಕೊಂಡ್ ಬನ್ನಿ. ಒಂದು ಗೇಮ್ ತಾನೇ.

ಅರ್ಧ ಮಾರ್ಕ್ ಕಳೆದಿದ್ದು ಎರಡು ಕಾರಣಕ್ಕೆ, ಎರಡೂ ಇದರ ಡಿಸೈನಿಗೆ ಸೇರಿದ್ದೇ ಹೊರತು ಮೋಸ ಏನಲ್ಲ. ಮುಖಕ್ಕೆ ಒತ್ತಿ ಕೂರೋ ಚಿಕ್ಕ ಗಾಗಲ್ ಇದು, ಒಳಗೆ ನಂಬರ್ ಕನ್ನಡಕ ಹಾಕೋಕೆ ಜಾಗ ಇಲ್ಲ. ಮತ್ತೆ ಇದು ಕಣ್ಣು ಬಿಟ್ರೆ ಇನ್ನೇನೂ ಮುಚ್ಚಲ್ಲ, ಹಲ್ಲು, ತುಟಿ, ಕಿವಿ ಎಲ್ಲಾ ಹೊರಗೆ. ಹಲ್ಲಿಗೆ ಬಿಬಿ ಬಿದ್ರೆ ಚೂರು ಕಿತ್ತು ಹೋಗುತ್ತೆ, ಇಲ್ಲಿ ಡೆಂಟಿಸ್ಟ್ ಬಿಲ್ ನಿಮಗೇ ಗೊತ್ತು. ಅದಕ್ಕೆ ಕೆಳಗಡೆ ಒಂದು ಜಾಲರಿ ಮಾಸ್ಕ್ ಬೇಕು. ಅದನ್ನ ಮೂಗಿನ ಮೇಲೆ ತೀರಾ ಎತ್ತರಕ್ಕೆ ಕಟ್ಟಿದ್ರೆ ಗಾಗಲ್ ಮೇಲಕ್ಕೆ ತಳ್ಳುತ್ತೆ, ಉಸಿರೂ ಸೀದಾ ಒಳಗೆ ಹೋಗುತ್ತೆ, ಹಾಗಾಗಿ ಮೊದಲು ಗಾಗಲ್ ಹಾಕಿ ಆಮೇಲೆ ಅದರ ಕೆಳಗೆ ಬರೋ ಹಾಗೆ ಮಾಸ್ಕ್ ಕಟ್ಟಿ.

ನಂಬರ್ ಇರೋರು ಏನ್ಮಾಡ್ಬೇಕು ಅಂದ್ರೆ, ಕಾಂಟ್ಯಾಕ್ಟ್ ಲೆನ್ಸ್ ಆಗೋರಿಗೆ ಅದು ಸುಲಭ. ಆಗದೇ ಇರೋರು ಇಎಸ್‌ಎಸ್ ಪ್ರೊಫೈಲ್ ತರದ ಮಿಲಿಟರಿ ಗಾಗಲ್ ನೋಡಿ, ಅದರಲ್ಲಿ ಒಳಗೆ ಸಿಗಿಸೋ ನಂಬರ್ ಲೆನ್ಸಿನ ಇನ್ಸರ್ಟ್ ಬೇರೆ ಸಿಗುತ್ತೆ, ಲೆನ್ಸೂ 2.8 ಮಿಲಿಮೀಟರ್ ದಪ್ಪ ಇದೆ. ಬೆಲೆ ಐ-ಫೋರ್ಸ್‌ಗಿಂತ ಮೂರ್ನಾಲ್ಕು ಪಟ್ಟು. ಇಲ್ಲಾಂದ್ರೆ ಪೇಂಟ್‌ಬಾಲ್ ಮಾಸ್ಕ್. ನಮ್ಮಲ್ಲಿ ಇಬ್ರು ಡೈ ಐ5 ಇಟ್ಕೊಂಡಿದಾರೆ, ನೂರು ಡಾಲರ್ ಮೇಲೆ ಹೋಗುತ್ತೆ, ಆದ್ರೆ ಕಣ್ಣು, ಬಾಯಿ, ಕಿವಿ ಎಲ್ಲಾ ಒಂದರಲ್ಲೇ ಮುಗಿದೋಯ್ತು, ಎರಡು ಪದರದ ಥರ್ಮಲ್ ಲೆನ್ಸು. ಪೇಂಟ್‌ಬಾಲ್ ಮಾಸ್ಕಿಗೆ ಎಎಸ್‌ಟಿಎಂ ಎಫ್1776 ಅಂತ ಅದರದ್ದೇ ಸ್ಟ್ಯಾಂಡರ್ಡ್ ಇದೆ, ಪೇಂಟ್‌ಬಾಲ್ ಉಂಡೆ ಮೂರು ಗ್ರಾಂ, 300 ಎಫ್‌ಪಿಎಸ್ ತನಕ ಬರುತ್ತೆ ಅಂದ್ರೆ 12 ಜೂಲ್ ಹತ್ರ, ಅದನ್ನ ತಡ್ಕೊಳ್ಳೋದಕ್ಕೆ ಬಿಬಿ ಒಂದು ಲೆಕ್ಕಾನೇ ಅಲ್ಲ. ಏರ್‌ಸಾಫ್ಟಿಗೇ ಅಂತ ಎಎಸ್‌ಟಿಎಂ ಎಫ್2879 ಇದೆ, ಆದ್ರೆ ಅಂಗಡಿಲಿ ಆ ನಂಬರ್ ಹುಡುಕ್ಕೊಂಡು ಹೋದ್ರೆ ಕೈಗೆ ಸಿಗೋದು ಕಮ್ಮಿ, ನಾನು ಝಡ್87 ಪ್ಲಸ್ ಇರೋ ಗಾಗಲ್ ಅಥವಾ ಎಫ್1776 ಮಾಸ್ಕ್ ಅಂತಾನೇ ಹೇಳೋದು. ಮಕ್ಕಳಿಗೆ ಯಾವ್ದು ಅಂತ ಕೇಳಿದ್ರೆ ಎರಡನೇ ಮಾತಿಲ್ಲ, ಫುಲ್ ಮಾಸ್ಕ್.

ಈಗ ಆನ್‌ಲೈನಲ್ಲಿ ಹತ್ತು ಹನ್ನೆರಡು ಡಾಲರ್‌ಗೆ ಸಿಗೋ "ಟ್ಯಾಕ್ಟಿಕಲ್" ಗಾಗಲ್ ಬಗ್ಗೆ. ನೋಡೋಕೆ ಮಿಲಿಟರಿದೇ, ಬಾಕ್ಸ್ ಮೇಲೆ ಸೈನಿಕನ ಫೋಟೋ, ಮೂರು ಬಣ್ಣದ ಲೆನ್ಸ್ ಫ್ರೀ. ನಮ್ಮಲ್ಲೊಬ್ರು ಒಂದು ತರಿಸಿದ್ರು, ಯಾವ ಕಂಪನಿ ಅನ್ನೋದು ಬೇಡ, ಫ್ರೇಮ್ ಪೂರ್ತಿ ತಿರುಗಿಸಿ ನೋಡಿದ್ರೂ ಝಡ್87 ಇಲ್ಲ, ಇಎನ್166 ಇಲ್ಲ, ಬಾಕ್ಸ್ ಮೇಲೆ ಮಾತ್ರ ಇಂಪ್ಯಾಕ್ಟ್ ರೆಸಿಸ್ಟೆಂಟ್ ಅಂತ ದೊಡ್ಡಕ್ಷರದಲ್ಲಿ. ಹಾಕ್ಕೊಳ್ಳೋಕೆ ಬಿಡ್ಲಿಲ್ಲ ನಾನು. ಹಿತ್ತಲಲ್ಲಿ ಒಂದು ಮರದ ದಿಮ್ಮಿಗೆ ಕಟ್ಟಿ, ನಾವು ನಮ್ಮ ಗಾಗಲ್ ಹಾಕ್ಕೊಂಡು, ಹತ್ತಿರದಿಂದ ಹೊಡೆದು ನೋಡಿದ್ವಿ. ಲೆನ್ಸ್ ಒಡೀಲಿಲ್ಲ, ಅದು ನಿಜ. ಆದ್ರೆ ಮೂರ್ನಾಲ್ಕು ಏಟಿಗೆ ಇಡೀ ಲೆನ್ಸ್ ಫ್ರೇಮಿಂದ ಬಿಟ್ಕೊಂಡು ಒಳಗಡೆಗೆ ಬಿತ್ತು, ಕಣ್ಣಿರ್ಬೇಕಾದ ಜಾಗಕ್ಕೆ. ಅದಾದ ಮೇಲೆ ಮುಂದಿನ ಬಿಬಿಗೆ ದಾರಿ ಖಾಲಿ. ಸ್ಟ್ಯಾಂಡರ್ಡ್ ಟೆಸ್ಟುಗಳಲ್ಲಿ ಒಡೆಯದೇ ಇರೋದು ಮಾತ್ರ ನೋಡಲ್ಲ, ಲೆನ್ಸ್ ಜಾಗ ಬಿಟ್ಟು ಅಲ್ಲಾಡಬಾರದು ಅಂತಾನೂ ನೋಡ್ತಾರೆ, ಯಾಕೆ ಅಂತ ಅವತ್ತು ಎಲ್ಲರಿಗೂ ಅರ್ಥ ಆಯ್ತು. ನೀವೂ ಹೀಗೆ ಟೆಸ್ಟ್ ಮಾಡೋದಾದ್ರೆ ಒಂದು ಮಾತು, ಟೆಸ್ಟ್ ಮಾಡಿದ್ದನ್ನ ಮತ್ತೆ ಹಾಕ್ಕೊಂಡು ಆಡ್ಬೇಡಿ, ಕಾಣದ ಬಿರುಕು ಉಳ್ಕೊಂಡಿರುತ್ತೆ.

ಲೆನ್ಸ್ ಬದ್ಲು ಲೋಹದ ಜಾಲರಿ ಇರೋ ಗಾಗಲ್ ಬಗ್ಗೆ ಜಗಳ ಯಾವತ್ತೂ ಮುಗಿಯಲ್ಲ. ಮಂಜು ಕಟ್ಟೋ ಪ್ರಶ್ನೆನೇ ಇಲ್ಲ, ಹಾಗಾಗಿ ಎತ್ತೋ ಆಸೆನೂ ಬರಲ್ಲ, ನಾನು ಮೇಲೆ ಹೇಳಿದ ಲೆಕ್ಕದಲ್ಲೇ ಅದಕ್ಕೆ ಮಾರ್ಕ್ ಸಿಗ್ಬೇಕು ಅಂತ ಕೆಲವರ ವಾದ, ಆ ವಾದದಲ್ಲಿ ಹುರುಳಿದೆ. ಆದ್ರೂ ನಾನು ಹಾಕಲ್ಲ. ಕಳಪೆ ಬಿಬಿ ಗಟ್ಟಿ ಜಾಗಕ್ಕೆ ಬಡಿದ್ರೆ ಪುಡಿ ಆಗುತ್ತೆ, ಪುಡಿ ಜಾಲರಿ ತೂತಲ್ಲಿ ಆರಾಮಾಗಿ ಬರುತ್ತೆ. ಇದನ್ನೂ ನೋಡಿದೀವಿ, ಜಾಲರಿ ಹಿಂದೆ ಕಪ್ಪು ಬಟ್ಟೆ ಇಟ್ಟು ಅಗ್ಗದ 0.12 ಗ್ರಾಂ ಬಿಬಿ ಹೊಡೆದ್ರೆ ಬಟ್ಟೆ ಮೇಲೆ ಬಿಳಿ ಚೂರುಗಳು ಬಿದ್ದಿದ್ವು. ಜಾಲರಿಗೆ ಹಚ್ಚಿರೋ ಪೇಂಟ್ ಕೂಡ ಎದ್ದು ಬರುತ್ತೆ. ಚೂರು ಕಾರ್ನಿಯಾಗೆ ಗೀರಿದ್ರೆ ನೋವು ಏನು ಅಂತ ಕಣ್ಣಿಗೆ ಮರಳು ಹೋಗಿ ಒದ್ದಾಡಿದೋರಿಗೆ ಸ್ವಲ್ಪ ಅಂದಾಜಿರುತ್ತೆ. ಬಾಯಿಗೆ ಜಾಲರಿ, ಕಣ್ಣಿಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಲೆನ್ಸ್, ನನ್ನದು ಇಷ್ಟೇ.

ಫೀಲ್ಡಲ್ಲಿ ಬಾಡಿಗೆ ಮಾಸ್ಕ್ ತಗೊಳ್ಳೋರು ಕೊಟ್ಟ ತಕ್ಷಣ ಹಾಕ್ಕೋಬೇಡಿ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿ. ಒಂದು ಕಡೆ ನನ್ನ ಅಕ್ಕನ ಮಗನಿಗೆ ಕೊಟ್ಟ ಮಾಸ್ಕಲ್ಲಿ ಲೆನ್ಸಿನ ಮೂಲೆಲಿ ಕೂದಲೆಳೆ ಬಿರುಕಿತ್ತು, ಸ್ಟ್ರಾಪ್ ಹಿಗ್ಗಿ ಹಳೇ ಚಡ್ಡಿ ಇಲಾಸ್ಟಿಕ್ ತರ ಆಗಿತ್ತು. ಕೌಂಟರಲ್ಲಿ ಹೇಳಿದ್ರೆ ಬದಲಾಯಿಸಿ ಕೊಟ್ರು, ಆದ್ರೆ ಕೇಳ್ದೇ ಇದ್ರೆ ಅದೇ ಹಾಕ್ಕೊಂಡು ಒಳಗೆ ಹೋಗ್ತಿದ್ದ. ಲೆನ್ಸನ್ನ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ್ರೆ ಗೀರು, ಬಿರುಕು ಗೊತ್ತಾಗುತ್ತೆ. ತಲೆ ಬಗ್ಗಿಸಿ ಜೋರಾಗಿ ಅಲ್ಲಾಡಿಸಿ, ಜಾರಿದ್ರೆ ಬೇಡ. ಸುಮ್ನೆ ನೋಡೋಕೆ ಬರೋ ಅಪ್ಪ ಅಮ್ಮಂದಿರು, ಫೋಟೋ ತೆಗೆಯೋರು, ಇವರಿಗೂ ಅದೇ ರೂಲ್ ಕಣ್ರೀ, ನಾನು ಆಡ್ತಿಲ್ವಲ್ಲ ಅನ್ನೋದು ಬಿಬಿಗೆ ಗೊತ್ತಾಗಲ್ಲ.

ಇಷ್ಟೆಲ್ಲ ಹೇಳಿದ್ರೂ ನನಗೆ ಫೀಲ್ಡಿಗಿಂತ ಜಾಸ್ತಿ ಭಯ ಮನೆ ಹಿತ್ತಲಿನ ಆಟದ್ದು. ಫೀಲ್ಡಲ್ಲಿ ರೂಲ್ ನೋಡ್ಕೊಳ್ಳೋ ಮಾರ್ಷಲ್ ಇರ್ತಾನೆ, ಗಾಗಲ್ ಇಲ್ದೇ ಒಳಗೇ ಬಿಡಲ್ಲ. ಬರ್ತ್‌ಡೇ ಪಾರ್ಟಿಲಿ ಮಕ್ಕಳು ಸ್ಪ್ರಿಂಗ್ ಗನ್ ಇಟ್ಕೊಂಡು ಈಜೋ ಗಾಗಲ್ಲೋ ಕೂಲಿಂಗ್ ಗ್ಲಾಸೋ ಹಾಕ್ಕೊಂಡು ಓಡಾಡ್ತಿರ್ತಾರೆ, ದೊಡ್ಡೋರು ಆ ಕಡೆ ಗ್ರಿಲ್ ಹತ್ರ ಮಾತಾಡ್ತಾ ಇರ್ತಾರೆ. ಊರ ಕಡೆನೂ ಇದು ಇಲ್ಲ ಅಂತಲ್ಲ, ಜಾತ್ರೆ ಅಂಗಡಿಲಿ ಹಳದಿ ಪ್ಲಾಸ್ಟಿಕ್ ಗುಂಡಿನ ಗನ್ ಸಿಗುತ್ತಲ್ಲ, ಅದರ ಗುಂಡೂ 6 ಮಿಲಿಮೀಟರ್ರೇ, ಶಕ್ತಿ ಕಮ್ಮಿ, ಆದ್ರೆ ಅಣ್ಣ ತಮ್ಮ ಎದುರೆದುರು ನಿಂತು ಮುಖಕ್ಕೇ ಹೊಡ್ಕೊಳ್ತಾರೆ. ದೀಪಾವಳಿ ಆದ ಮಾರನೇ ದಿನ ಬೆಂಗಳೂರಿನ ಮಿಂಟೋ ಆಸ್ಪತ್ರೆ ಮುಂದೆ ಕಣ್ಣಿಗೆ ಪಟ್ಟಿ ಕಟ್ಕೊಂಡಿರೋ ಮಕ್ಕಳ ಫೋಟೋ ಪ್ರತಿ ವರ್ಷ ಪೇಪರಲ್ಲಿ ನೋಡ್ತೀವಿ, ಅದರಲ್ಲಿ ಎಷ್ಟೋ ಮಕ್ಕಳು ಪಟಾಕಿ ಹಚ್ಚಿದೋರಲ್ಲ, ಪಕ್ಕದಲ್ಲಿ ನಿಂತು ನೋಡ್ತಿದ್ದೋರು. ಬಿಬಿ ಗನ್ ವಿಷಯಾನೂ ಹಾಗೇ. ಮನೇಲಿ ಅಂಥ ಗನ್ ತಂದ್ರೆ ಮನೇಲಿರೋ ಎಲ್ಲಾ ಮಕ್ಕಳಿಗೂ ಮಾಸ್ಕ್ ತನ್ನಿ, ಆಗಲ್ಲ ಅಂದ್ರೆ ಗನ್ನೂ ತರ್ಬೇಡಿ.

ಅಕಸ್ಮಾತ್ ಕಣ್ಣಿಗೆ ಬಿದ್ದೇ ಬಿಟ್ರೆ ಏನು ಮಾಡ್ಬೇಕು ಅನ್ನೋದೂ ಇಲ್ಲೇ ಹೇಳಿಬಿಡ್ತೀನಿ. ಉಜ್ಜಬೇಡಿ, ಒತ್ತಬೇಡಿ, ಮೇಲೆ ಐಸ್ ಇಟ್ಟು ಅಮುಕಬೇಡಿ. ಒಂದು ಪೇಪರ್ ಕಪ್ಪಿನ ತಳದ ಭಾಗ ಕತ್ತರಿಸ್ಕೊಂಡು ಅದನ್ನ ಕಣ್ಣಿಗೆ ತಾಗದ ಹಾಗೆ, ಸುತ್ತಲ ಮೂಳೆ ಮೇಲೆ ಕೂರೋ ಹಾಗೆ ಮುಚ್ಚಿ, ತಲೆ ಎತ್ತರದಲ್ಲಿರೋ ಹಾಗೆ ಕೂರಿಸಿ, ಆಸ್ಪಿರಿನ್, ಐಬುಪ್ರೊಫೆನ್ ಕೊಡ್ಬೇಡಿ, ರಕ್ತ ಇನ್ನೂ ಹರಿಯುತ್ತೆ, ಸೀದಾ ಎಮರ್ಜೆನ್ಸಿಗೆ. ಸ್ವಲ್ಪ ಹೊತ್ತಿಗೆ ನೋವು ಕಮ್ಮಿ ಆಯ್ತು, ಕಾಣ್ತಾ ಇದೆ ಅಂತ ಬಿಡ್ಬೇಡಿ. ಗುದ್ದಿದ ಪೆಟ್ಟಿಗೆ ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಮತ್ತೆ ಐರಿಸ್ ನಡುವೆ, ರಕ್ತ ಸೇರ್ಕೊಳ್ಳುತ್ತೆ, ಹೈಫೀಮಾ ಅಂತಾರೆ, ಅದು ಮೊದಲ ಕೆಲವು ದಿನದಲ್ಲಿ ಮತ್ತೆ ಸೋರಬಹುದು, ಒಳಗಿನ ಒತ್ತಡ ಏರಬಹುದು. ಪೊರೆ ಬರಬಹುದು, ರೆಟಿನಾಗೆ ಏಟಾಗಿರಬಹುದು. ಕಣ್ಣಿನ ಒಳಗಿನ ದ್ರವ ಹೊರಗೆ ಹೋಗೋ ಒಳಮೂಲೆಗೆ ಪೆಟ್ಟಾಗಿದ್ರೆ ಎಷ್ಟೋ ವರ್ಷ ಆದ್ಮೇಲೆ ಗ್ಲಾಕೋಮಾ ಶುರು ಆಗೋ ಚಾನ್ಸ್ ಇದೆ, ಹುಡುಗ ಆಟಾನೇ ಮರೆತಿರ್ತಾನೆ ಆಗ. ಅದಕ್ಕೇ ಒಂದು ಸಲ ಪೆಟ್ಟು ಬಿದ್ದ ಕಣ್ಣನ್ನ ಡಾಕ್ಟರ್ ಹೇಳಿದಷ್ಟು ಕಾಲ ತೋರಿಸ್ತಾನೇ ಇರ್ಬೇಕು.

ಗಾಗಲ್ ನೋಡ್ಕೊಳ್ಳೋ ವಿಷಯ. ಪಾಲಿಕಾರ್ಬೊನೇಟ್ ಏಟಿಗೆ ಗಟ್ಟಿ, ಕೆಮಿಕಲ್‌ಗೆ ಮೆತ್ತಗೆ. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್, ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಇವು ಹತ್ರಾನೂ ಬರಬಾರದು. ಇಲ್ಲಿನ ಕಾಡಲ್ಲಿ ಆಡೋರಿಗೆ ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ: ಟಿಕ್, ಅಂದ್ರೆ ಉಣ್ಣೆ ಹುಳದ ಕಾಟಕ್ಕೆ ನಾವೆಲ್ಲ ಡೀಟ್ ಅನ್ನೋ ಕೆಮಿಕಲ್ ಇರೋ ಸ್ಪ್ರೇ ಹೊಡ್ಕೊಳ್ತೀವಿ, ಡೀಟ್ ಪ್ಲಾಸ್ಟಿಕ್ಕನ್ನ ತಿನ್ನುತ್ತೆ. ಸ್ಪ್ರೇ ಆದ ಕೈಯಲ್ಲೇ ಗಾಗಲ್ ಹಿಡಿದ್ರೆ ಲೆನ್ಸ್ ಮಸುಕಾಗುತ್ತೆ, ಶಕ್ತಿನೂ ಕಳ್ಕೊಳ್ಳುತ್ತೆ. ಪಿಕಾರಿಡಿನ್ ಇರೋ ಸ್ಪ್ರೇ ತಗೊಳ್ಳಿ, ಅದು ಪ್ಲಾಸ್ಟಿಕ್ಕಿಗೆ ಏನೂ ಮಾಡಲ್ಲ, ಅಥವಾ ಗಾಗಲ್ ಹಾಕಿದ್ಮೇಲೆ ಕಾಲಿಗೆ ಮಾತ್ರ ಹೊಡೆದು ಕೈ ತೊಳ್ಕೊಳ್ಳಿ. ಲೆನ್ಸ್ ಕ್ಲೀನ್ ಮಾಡೋಕೆ ಒಂದು ಹನಿ ಸೋಪ್ ಹಾಕಿದ ನೀರಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ ಸಾಕು, ಒಳಗಡೆ ಮೃದುವಾಗಿ ತಟ್ಟಿ, ಉಜ್ಜಿದ್ರೆ ಆಂಟಿ ಫಾಗ್ ಕೋಟಿಂಗ್ ಹೋಗುತ್ತೆ. ಬೇಸಿನ್ನಲ್ಲಿ ಮುಳುಗಿಸಬೇಡಿ, ಎರಡು ಪದರದ ಮಧ್ಯ ನೀರು ಸೇರಿದ್ರೆ ಆ ಲೆನ್ಸ್ ಮುಗೀತು, ಒಳಗಿಂದ ಮಂಜು ಹಿಡಿದಿದ್ದನ್ನ ಒರೆಸೋಕಾಗಲ್ಲ. ಬೇಸಿಗೇಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗ್ಬೇಡಿ.

ಬಣ್ಣ ಯಾವ್ದು ಅಂತ ಕೇಳ್ತಾರೆ, ಐ-ಫೋರ್ಸ್ ಕ್ಲಿಯರ್, ಗ್ರೇ, ಆಂಬರ್ ಎಲ್ಲದರಲ್ಲೂ ಬರುತ್ತೆ. ಒಂದೇ ತಗೊಳ್ಳೋದಾದ್ರೆ ಕ್ಲಿಯರ್, ಒಳಾಂಗಣಕ್ಕೂ ಆಗುತ್ತೆ, ಸಂಜೆ ಕಾಡಿನ ನೆರಳಿಗೂ ಆಗುತ್ತೆ. ಗ್ರೇ ಹಾಕ್ಕೊಂಡು ಕತ್ತಲೆ ಕಟ್ಟಡದೊಳಗೆ ಹೋದ್ರೆ ಏನೂ ಕಾಣಲ್ಲ, ಮತ್ತೆ ಎತ್ತಿ ನೋಡೋ ಆಸೆ ಬರುತ್ತೆ. ಲೆನ್ಸ್ ಮೇಲೆ ಹತ್ತಿರದಿಂದ ಬಿದ್ದ ಏಟಿನ ಗುರುತು ಕಂಡ್ರೆ, ಆಳವಾದ ಗೀರು ಬಿದ್ರೆ, ಸ್ಟ್ರಾಪ್ ಸಡಿಲ ಆದ್ರೆ ನಾನು ಹೊಸದು ತಗೊಳ್ತೀನಿ, ಇಪ್ಪತ್ತು ಡಾಲರ್ ಅಂದ್ರೆ ಒಂದು ದಿನದ ಎಂಟ್ರಿ ಫೀಗಿಂತ ಕಮ್ಮಿನೇ. ಹಳೇದನ್ನ ಬೇರೆ ಯಾರೂ ಹಾಕ್ಕೊಳ್ಳದ ಹಾಗೆ ಸ್ಟ್ರಾಪ್ ಕತ್ತರಿಸಿ ಕಸಕ್ಕೆ ಹಾಕ್ತೀನಿ.